ಮೆಕ್ಕೆಜೋಳದ ಹುಳು ‘ರೈಸ್ ಸ್ಟ್ರೇನ್’ ಎಂದು ಬಂದರೆ: ಸೈನಿಕ ಹುಳುವಿನ ಡಿಎನ್‌ಎ ಜಾಡಿನಲ್ಲಿ ದೋಷ ಹುಡುಕುವ ಬಗೆ

“ಸರ್, ಹುಳ ಹಿಡಿದಿದ್ದು ಮೆಕ್ಕೆಜೋಳದ ಸುಳಿಯಲ್ಲಿ. ರಿಪೋರ್ಟ್ ನೋಡಿದ್ರೆ ರೈಸ್ ಸ್ಟ್ರೇನ್ ಅಂತಿದೆ. ಎಲ್ಲೋ ಟ್ಯೂಬ್ ಅದಲುಬದಲಾಗಿದೆ ಅನ್ಸುತ್ತೆ. ಇನ್ನೊಂದ್ಸಲ ಮಾಡಿಸ್ಲಾ?”

ಮುಂಗಾರು ಹಿಡಿದು ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂತೆಂದರೆ ಇಂಥ ಒಂದಾದರೂ ಫೋನು ನನಗೆ ಬರುತ್ತದೆ. ರೈಸ್ ಸ್ಟ್ರೇನ್ ಅಂದರೆ ಈ ಹುಳುವಿನಲ್ಲಿ ಭತ್ತ, ಹುಲ್ಲಿನ ಕಡೆ ವಾಲುವ ಕವಲು. ಮಾಡುವವರು ಹೆಚ್ಚಾಗಿ ಎಂಎಸ್ಸಿ ಎರಡನೇ ವರ್ಷದವರು. ಥೀಸಿಸ್‌ಗೆ ಉಳಿದಿರುವುದು ನಾಲ್ಕು ತಿಂಗಳು, ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರಗಳನ್ನು ಓದಿಸಲು) ಉಳಿದ ದುಡ್ಡು ಅಷ್ಟಕ್ಕಷ್ಟೆ. ಮತ್ತೆ ಮಾಡಿಸಬೇಡಿ ಅನ್ನುವುದೇ ನನ್ನ ಮೊದಲ ಉತ್ತರ. ಈ ಕೆಲಸದಲ್ಲಿ ಯಂತ್ರ ತಪ್ಪುವುದು ಅಪರೂಪ. ತಪ್ಪು ಹೊಲದಲ್ಲಿ ಟ್ಯೂಬಿನ ಮುಚ್ಚಳ ಹಾಕುವ ಮುಂಚೆಯೇ ಆಗಿರುತ್ತದೆ, ಇಲ್ಲವೇ ಫಲಿತಾಂಶ ಕೈಗೆ ಬಂದ ಮೇಲೆ ನಾವು ಓದುವಾಗ ಆಗುತ್ತದೆ. ಕೆಲವು ಸಲ ತಪ್ಪೇ ಇರುವುದಿಲ್ಲ; ಮೇಲಿನ ಫೋನು ಆ ಜಾತಿಗೆ ಸೇರಿದ್ದು.

ಹೊಸಬರಿಗೆ ಹಿನ್ನೆಲೆ ನಾಲ್ಕು ಮಾತಿನಲ್ಲಿ. ಫಾಲ್ ಆರ್ಮಿವರ್ಮ್, ಅಂದರೆ ಸ್ಪೋಡಾಪ್ಟೆರಾ ಫ್ರುಗಿಪರ್ಡಾ, ರೈತರ ಬಾಯಲ್ಲಿ ಸೈನಿಕ ಹುಳು ಅಥವಾ ಬರೀ ಲದ್ದಿ ಹುಳು. ಮೂಲ ಅಮೆರಿಕ ಖಂಡಗಳು. 2016ರ ಆರಂಭದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಸಿಕ್ಕಿತು. ದೇಶಕ್ಕೇ ಅದು ಮೊದಲ ದಾಖಲೆ. 2019ರ ಜನವರಿಗೆ ಚೀನಾದ ಯುನ್ನಾನ್, 2020ರ ಆರಂಭಕ್ಕೆ ಆಸ್ಟ್ರೇಲಿಯಾ. ಪತಂಗ ಗಾಳಿ ಹಿಡಿದರೆ ಒಂದು ರಾತ್ರಿಗೆ 100 ಕಿ.ಮೀ. ಹೋಗಬಲ್ಲದು, ಸರಕಿನೊಳಗೆ ಕೂತು ಸಾಗರವನ್ನೂ ದಾಟಬಲ್ಲದು. ಹಾರಿ ಬಂತೋ, ಹೊತ್ತು ತಂದೆವೋ, ಒಂದೇ ಸಲ ಬಂತೋ, ಹತ್ತು ಸಲವೋ ಎಂಬುದನ್ನು ಹುಳುವಿನ ಮುಖ ನೋಡಿ ಹೇಳಲಾಗದು. ಅದಕ್ಕೇ ಡಿಎನ್‌ಎ. ದಿನನಿತ್ಯದ ಕೆಲಸಕ್ಕೆ ಬಳಸುವುದು ಎರಡು ಜೀನ್: ಮೈಟೊಕಾಂಡ್ರಿಯಾದ ಸಿಒಐ, ಜೆಡ್ ವರ್ಣತಂತುವಿನ ಮೇಲಿರುವ ಟಿಪಿಐ.

ಯಾವುದನ್ನೂ ಮತ್ತೆ ಮಾಡಿಸುವ ಮೊದಲು ನಿಮ್ಮ ತೊಂದರೆ ಮುಂದಿನವುಗಳಲ್ಲಿ ಯಾವುದು ಎಂದು ಗುರುತಿಸಿಕೊಳ್ಳಿ.

ಜೆಲ್‌ನಲ್ಲಿ ಬ್ಯಾಂಡೇ ಇಲ್ಲ

ಪಿಸಿಆರ್‌ನಲ್ಲಿ ಜೀನಿನ ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಜೆಲ್‌ನಲ್ಲಿ ಓಡಿಸಿದಾಗ ಅದು ಪಟ್ಟಿಯಾಗಿ (ಬ್ಯಾಂಡ್) ಕಾಣಬೇಕು. ಕಾಣದಿದ್ದರೆ ಮೊದಲು ಪಾಸಿಟಿವ್ ಕಂಟ್ರೋಲ್ ನೋಡಿ, ಅಂದರೆ ಬ್ಯಾಂಡ್ ಬಂದೇ ಬರುತ್ತದೆಂದು ಗೊತ್ತಿರುವ ಮಾದರಿ. ಅದರಲ್ಲೂ ಬ್ಯಾಂಡ್ ಇಲ್ಲದಿದ್ದರೆ ಹುಳುವನ್ನು ಬೈಯಬೇಡಿ. ಎಂಜೈಮ್, ಪ್ರೈಮರ್ (ಬೇಕಾದ ತುಣುಕಿನ ತುದಿ ಹಿಡಿಯುವ ಕಿರು ಡಿಎನ್‌ಎ), ಅನೀಲಿಂಗ್ ತಾಪಮಾನ (ಪ್ರೈಮರ್ ಅಂಟುವ ಬಿಸಿ), ಈ ಮೂರರಲ್ಲಿ ಒಂದು ಕೈಕೊಟ್ಟಿದೆ. 1994ರಿಂದ ಎಲ್ಲರೂ ಬಳಸುತ್ತಿರುವ ಫೋಲ್ಮರ್ ಪ್ರೈಮರ್ ಜೋಡಿಗೆ 45ರಿಂದ 50 ಡಿಗ್ರಿ ಸಾಕು. ಬೇರೆ ಯಾವುದೋ ಜೀನಿಗೆಂದು 58ಕ್ಕೆ ಇಟ್ಟ ಪ್ರೋಗ್ರಾಮ್ ಬದಲಿಸದೆ ಓಡಿಸಿದವರನ್ನು ಕಂಡಿದ್ದೇನೆ. ನಾನೂ ಒಮ್ಮೆ ಓಡಿಸಿದ್ದೇನೆ.

ಕಂಟ್ರೋಲ್‌ನಲ್ಲಿ ಬಂದು ಹುಳುವಿನಲ್ಲಿ ಬರದಿದ್ದರೆ ಡಿಎನ್‌ಎ ಹತ್ತು ಪಟ್ಟು ನೀರಾಗಿಸಿ ಮತ್ತೊಮ್ಮೆ ಹಾಕಿ. ನೀರಾಗಿಸಿದ್ದರಲ್ಲಿ ಬ್ಯಾಂಡ್ ಬಂತೆಂದರೆ ಡಿಎನ್‌ಎ ಚೆನ್ನಾಗಿಯೇ ಇದೆ, ಜೊತೆಗೆ ಬಂದ ಕಶ್ಮಲ ಪಿಸಿಆರ್‌ಗೆ ಅಡ್ಡಗಾಲು ಹಾಕುತ್ತಿದೆ. ಹೊಟ್ಟೆ ತುಂಬ ಎಲೆ ಮೇಯ್ದ ಹುಳುವನ್ನು ಇಡಿಯಾಗಿ ಅರೆದರೆ ಹೀಗಾಗುತ್ತದೆ. ಕರುಳು ಬಿಟ್ಟು ತಲೆಯ ಭಾಗ, ಎದೆಯ ಕಾಲುಗಳನ್ನಷ್ಟೇ ತೆಗೆದುಕೊಳ್ಳಿ.

ಅದರಲ್ಲೂ ಬರಲಿಲ್ಲವೇ? ಹಾಗಾದರೆ ಡಿಎನ್‌ಎ ಚೂರಾಗಿದೆ. ಹೆಣ್ಣಿನ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆಯಲ್ಲಿ ಬಿದ್ದ ಪತಂಗ ವಾರಗಟ್ಟಲೆ ಬಿಸಿಲಲ್ಲಿ ಒಣಗಿ, ಇಬ್ಬನಿಯಲ್ಲಿ ನೆನೆದು, ಮತ್ತೆ ಒಣಗಿದರೆ ಉಳಿಯುವುದು ತುಣುಕುಗಳೇ. ಜಾತಿ ಗುರುತಿಸಲು ಬಳಸುವ ಸಿಒಐಯ ಇಡೀ 658 ಅಕ್ಷರದ ತುಣುಕು, ಅಂದರೆ ಬಾರ್‌ಕೋಡ್, ಅದರಿಂದ ಹೊರಡುವುದಿಲ್ಲ, ನೂರಿನ್ನೂರು ಅಕ್ಷರದ ಮಿನಿ ಬಾರ್‌ಕೋಡ್ ಪ್ರಯತ್ನಿಸಿ. ಹುಳುಗಳ ಕಥೆ ಬೇರೆ. ಐದು ಮಿಲಿ ಆಲ್ಕೋಹಾಲಿಗೆ ಹತ್ತು ದಪ್ಪ ಹುಳು ತುರುಕಿದರೆ ಅವುಗಳ ಮೈಯ ನೀರೇ ಆಲ್ಕೋಹಾಲನ್ನು ತೆಳುಮಾಡುತ್ತದೆ. ಮಾರನೆಯ ದಿನ ಆಲ್ಕೋಹಾಲ್ ಬದಲಿಸಬೇಕು. ಈ ಒಂದು ಕೆಲಸ ಮಾಡುವವರು ಎಷ್ಟು ಕಡಿಮೆ ಎಂದರೆ, ಟ್ಯೂಬಿನ ಬಣ್ಣ ನೋಡಿಯೇ ಯಾರು ಬದಲಿಸಿಲ್ಲ ಎಂದು ಹೇಳಬಹುದು: ಚಹಾ ಬಣ್ಣಕ್ಕೆ ತಿರುಗಿರುತ್ತದೆ.

ಟ್ಯೂಬಿನ ಮೇಲೆ ಜೆಲ್ ಪೆನ್ನಿನಲ್ಲಿ ಬರೆಯಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಒಂದು ರ‍್ಯಾಕ್ ತೆರೆದಾಗ ಮುಚ್ಚಳ ಸೋರಿ, ದಾವಣಗೆರೆಯೂ ಹಾವೇರಿಯೂ ಒಂದೇ ನೀಲಿ ಕಲೆಯಾಗಿದ್ದವು. ಸೀಸದ ಕಡ್ಡಿಯಲ್ಲಿ ದಪ್ಪ ಕಾಗದದ ಚೂರಿನ ಮೇಲೆ ಬರೆದು ಟ್ಯೂಬಿನೊಳಗೇ ಹಾಕಿ. ಆ ಸಲ ಇಡೀ ರ‍್ಯಾಕ್ ಎಸೆಯಬೇಕಾಯಿತು. ಎಲ್ಲಿಯದೆಂದು ಗೊತ್ತಿಲ್ಲದ ಹುಳುವಿನಿಂದ ಜಾಡು ಹಿಡಿಯುವ ಮಾತೆಲ್ಲಿ?

ಬ್ಯಾಂಡ್ ಇದೆ, ಅಕ್ಷರ ಒಂದರ ಮೇಲೊಂದು

ಕ್ರೊಮ್ಯಾಟೊಗ್ರಾಮ್, ಅಂದರೆ ಪ್ರತಿ ಅಕ್ಷರಕ್ಕೊಂದು ಶಿಖರವಿರುವ ಗ್ರಾಫ್, ತೆರೆದು ನೋಡಿ; ಕಂಪನಿ ಕಳಿಸಿದ ಅಕ್ಷರಗಳ ಫೈಲ್ ಮಾತ್ರ ನೋಡಿದರೆ ಏನೂ ತಿಳಿಯದು. ಒಂದೇ ಜಾಗದಲ್ಲಿ ಎರಡು ಶಿಖರ ಕಂಡರೆ ಅವು ಎಲ್ಲಿಂದ ಶುರುವಾಗುತ್ತವೆ ಎಂಬುದೇ ಸುಳಿವು.

ಸಿಒಐಯಲ್ಲಿ ಮೊದಲಿನಿಂದ ಕೊನೆಯವರೆಗೆ ಅಲ್ಲಲ್ಲಿ ಜೋಡಿ ಶಿಖರ ಇದ್ದರೆ ಟ್ಯೂಬಿನಲ್ಲಿ ಎರಡು ಜೀವದ ಡಿಎನ್‌ಎ ಇದೆ. ಡಿಎನ್‌ಎ ಹಾಕದ ನೆಗೆಟಿವ್ ಕಂಟ್ರೋಲ್‌ನಲ್ಲಿ ಬ್ಯಾಂಡ್ ಕಂಡಿದ್ದರೆ ಉತ್ತರ ಸಿಕ್ಕಿತು: ಪಿಸಿಆರ್ ಆದದ್ದನ್ನು ತೆರೆಯುವ ಮೇಜಿನ ಮೇಲೆಯೇ ಹೊಸ ಪಿಸಿಆರ್ ಕಲೆಸಿದ್ದೀರಿ. ಅದು ಚೊಕ್ಕವಾಗಿದ್ದರೆ ಹುಳುವಿನ ಹೊಟ್ಟೆ ನೋಡಬೇಕು. ಈ ಹುಳುಗಳು ಒಂದನ್ನೊಂದು ತಿನ್ನುತ್ತವೆ. ಸುಳಿಯಲ್ಲಿ ಮೊದಲು ಹತ್ತಾರು ಮರಿಗಳಿದ್ದರೂ ಕೊನೆಗೆ ಒಂದೋ ಎರಡೋ ಉಳಿಯುವುದು ಬಹುಪಾಲು ಇದರಿಂದಲೇ. ಹೀಗೆ ಜೋಡಿ ಶಿಖರ ಬಂದ ಒಂದು ಹುಳುವಿನ ಉಳಿದರ್ಧವನ್ನು ಸೀಳಿದಾಗ ಎಲೆಯ ಹಸಿರು ಮುದ್ದೆಯ ನಡುವೆ ರಾಗಿ ಕಾಳಿಗಿಂತಲೂ ಸಣ್ಣದಾದ ಒಂದು ಕಪ್ಪು ತಲೆಚಿಪ್ಪು ಸಿಕ್ಕಿತ್ತು. ದೊಡ್ಡದರ ಡಿಎನ್‌ಎ, ಅದು ನುಂಗಿದ್ದರ ಡಿಎನ್‌ಎ, ಎರಡೂ ಒಟ್ಟಿಗೆ ಓದಿಕೊಂಡಿದ್ದವು. ಒಂದು ಟ್ಯೂಬಿಗೆ ಒಂದೇ ಹುಳು, ಕರುಳು ಬೇಡ ಎಂದು ಹಟ ಹಿಡಿಯುವುದು ಇದಕ್ಕೇ.

ಟಿಪಿಐಯಲ್ಲಿ ಬೇರೆ ಚಿತ್ರ. ಒಂದು ಹಂತದವರೆಗೆ ಓದು ಸ್ಫಟಿಕದಂತೆ ಇರುತ್ತದೆ, ಇಂಟ್ರಾನ್ (ಜೀನಿನ ನಡುವೆ ಪ್ರೋಟೀನ್ ಸಂಕೇತವಿಲ್ಲದ ಭಾಗ) ಶುರುವಾದ ಮೇಲೆ ಒಂದು ಜಾಗದಿಂದಾಚೆ ಎಲ್ಲಾ ಗೋಜಲು. ಇದು ಕೊಳೆಯಲ್ಲ. ಪತಂಗಗಳಲ್ಲಿ ಗಂಡಿಗೆ ಎರಡು ಜೆಡ್, ಹೆಣ್ಣಿಗೆ ಒಂದು ಜೆಡ್ ಒಂದು ಡಬ್ಲ್ಯೂ. ಗಂಡಿನ ಎರಡು ಪ್ರತಿಗಳಲ್ಲಿ ಇಂಟ್ರಾನಿನ ಉದ್ದ ಬೇರೆಯಾದರೆ ಅಲ್ಲಿಂದ ಮುಂದೆ ಒಂದರ ಅಕ್ಷರ ಇನ್ನೊಂದರ ಮೇಲೆ ಜಾರುತ್ತದೆ. ಎದುರು ದಿಕ್ಕಿನ ಪ್ರೈಮರ್‌ನಿಂದ ಓದಿಸಿ, ಎರಡನ್ನೂ ಹೊಂದಿಸಿಕೊಳ್ಳಿ. ಮೋಹಕ ಬಲೆಗೆ ಗಂಡು ಮಾತ್ರ ಬೀಳುವುದರಿಂದ ಬಲೆಯ ಮಾದರಿಗಳಲ್ಲಿ ಈ ಗೋಜಲು ಹೆಚ್ಚು.

ಇನ್ನೊಂದು ಸುಳ್ಳು ಭಯ. ಓದು ಚೊಕ್ಕವಾಗಿದೆ, ಪ್ರೋಟೀನಿಗೆ ಬದಲಿಸಿ ನೋಡಿದರೆ ನಡುನಡುವೆ ‘ನಿಲ್ಲು’ ಸಂಕೇತ. ತಕ್ಷಣ “ಇದು ನ್ಯೂಕ್ಲಿಯಸ್‌ಗೆ ಜಿಗಿದ ಹುಸಿ ಜೀನ್” ಎಂದು ಬರೆದು ಮಾದರಿ ಕೈಬಿಡುತ್ತಾರೆ. ಹುಸಿ ಜೀನ್ ಇರುವುದು ನಿಜ, ಆದರೆ ಸಾಫ್ಟ್‌ವೇರ್‌ನಲ್ಲಿ ಯಾವ ಸಂಕೇತ ಪಟ್ಟಿ ಆರಿಸಿದ್ದೀರಿ ನೋಡಿದಿರಾ? ಮಾಮೂಲಿ ಪಟ್ಟಿಯಲ್ಲಿ ಟಿಜಿಎ ಅಂದರೆ ನಿಲ್ಲು. ಕೀಟದ ಮೈಟೊಕಾಂಡ್ರಿಯಾದಲ್ಲಿ ಅದು ಟ್ರಿಪ್ಟೊಫ್ಯಾನ್. ಅಕಶೇರುಕ ಮೈಟೊಕಾಂಡ್ರಿಯಾದ 5ನೇ ಪಟ್ಟಿ ಆರಿಸಿ, ಬಾರ್‌ಕೋಡಿನ ಮೊದಲ ಅಕ್ಷರ ಬಿಟ್ಟು ಎರಡನೆಯದರಿಂದ ಓದಿ. 219 ಅಮೈನೊ ಆಮ್ಲ ತಡೆಯಿಲ್ಲದೆ ಬಂದರೆ ಮಾದರಿ ಸರಿಯಿದೆ. ಆಮೇಲೂ ನಿಲ್ಲು ಬಂದರೆ, ಅಥವಾ ಒಂದೋ ಎರಡೋ ಅಕ್ಷರ ಕಮ್ಮಿಯಾಗಿ ಓದಿನ ಚೌಕಟ್ಟೇ ಕದಲಿದರೆ, ಆಗ ಹುಸಿ ಜೀನ್ ಅನ್ನಿ.

ಹೆಸರೇ ಬೇರೆ ಬಂತು

ಓದಿದ ಅಕ್ಷರಗಳನ್ನು ದತ್ತಾಂಶ ಭಂಡಾರದೊಂದಿಗೆ ಹೋಲಿಸುವ ಬ್ಲಾಸ್ಟ್‌ನಲ್ಲಿ ಸೈನಿಕ ಹುಳುವಿನ ಬದಲು ಕಣಜ ಬಂದರೆ ಗಾಬರಿ ಬೇಡ. ನಿಮ್ಮ ಹುಳುವಿನೊಳಗೆ ಪರತಂತ್ರ ಕಣಜದ ಮರಿ ಬೆಳೆಯುತ್ತಿತ್ತು. ಕ್ಯಾಂಪೊಲೆಟಿಸ್ ಕ್ಲೋರಿಡಿಯೆ ನಮ್ಮ ಕಡೆಯೇ ಈ ಹುಳುವಿನಲ್ಲಿ ಸಿಕ್ಕಿರುವ ಕಣಜ. ಇದನ್ನು ಕಸದ ಬುಟ್ಟಿಗೆ ಹಾಕಬೇಡಿ, ಜೈವಿಕ ನಿಯಂತ್ರಣದ ಕೆಲಸ ಮಾಡುವವರಿಗೆ ಕೊಡಿ. ನಿಮಗೆ ಕಸವಾದದ್ದು ಅವರಿಗೆ ರಸ. ವೊಲ್ಬಾಕಿಯಾ ಎಂದು ಬಂದರೂ ಅಷ್ಟೆ: ಅದು ಕೀಟಗಳ ಜೀವಕೋಶದೊಳಗೆ ಇರುವ ಬ್ಯಾಕ್ಟೀರಿಯಾ, ಫೋಲ್ಮರ್ ಪ್ರೈಮರ್ ಒಮ್ಮೊಮ್ಮೆ ಅದರ ಜೀನನ್ನೂ ಹಿಡಿದುಬಿಡುತ್ತದೆ.

ತಂಬಾಕಿನ ಎಲೆ ತಿನ್ನುವ ಸ್ಪೋಡಾಪ್ಟೆರಾ ಲಿಟುರಾ ಎಂದೋ ಮಿಥಿಮ್ನಾ ಎಂದೋ ಬಂದರೆ ಡಿಎನ್‌ಎ ಸರಿ, ಹೊಲದಲ್ಲಿ ಗುರುತಿಸಿದ್ದು ತಪ್ಪು. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಬಿಳಿ ಗೆರೆ, ಬಾಲದ ಹತ್ತಿರ ಎಂಟನೇ ಖಂಡದ ಮೇಲೆ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ, ಎರಡೂ ನೋಡಿ ಟ್ಯೂಬಿಗೆ ಹಾಕಿ. ತೀರಾ ಎಳೆಯ ಮರಿಗಳಲ್ಲಿ ಎರಡೂ ಸ್ಪಷ್ಟವಿರುವುದಿಲ್ಲ. ಟ್ಯೂಬಿಗೆ ಹಾಕುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡುವುದು ಪುಕ್ಕಟೆ ಕೆಲಸ.

ಸಿಒಐ ಒಂದು ಹೇಳುತ್ತದೆ, ಟಿಪಿಐ ಇನ್ನೊಂದು

ಈಗ ಆ ಫೋನಿಗೆ ಬರೋಣ.

ಅಮೆರಿಕದಲ್ಲಿ ಈ ಕೀಟಕ್ಕೆ ಎರಡು ಕವಲು. ಮೆಕ್ಕೆಜೋಳ, ಜೋಳ, ಹತ್ತಿಯ ಕಡೆ ವಾಲುವುದು ಕಾರ್ನ್ ಸ್ಟ್ರೇನ್. ಭತ್ತ ಮತ್ತು ಹುಲ್ಲಿನ ಜಾತಿಗಳ ಕಡೆ ವಾಲುವುದು ರೈಸ್ ಸ್ಟ್ರೇನ್. ನೋಡಲು ಎರಡೂ ಒಂದೇ, ಒಂದಕ್ಕೊಂದು ಕೂಡುವುದೂ ಉಂಟು. ಬೇರ್ಪಡಿಸಿ ಹೇಳಲು ಡಿಎನ್‌ಎ ಬೇಕು. (ಇದನ್ನು ‘ಭತ್ತದ ತಳಿ’ ಎಂದು ಕನ್ನಡಿಸಿ ರೈತರ ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದ “ಯಾವ ತಳಿ ಸ್ವಾಮಿ, ಸೋನಾ ಮಸೂರಿನಾ?” ಎಂಬ ಪ್ರಶ್ನೆ ಬಂತು. ಆವತ್ತಿನಿಂದ ನಾನು ಸ್ಟ್ರೇನ್ ಎಂದೇ ಹೇಳುತ್ತೇನೆ.)

ಆಫ್ರಿಕಾದಲ್ಲಿ, ಆಮೇಲೆ ಭಾರತದಲ್ಲಿ ಮೆಕ್ಕೆಜೋಳದಿಂದ ಹಿಡಿದ ಹುಳುಗಳ ಸಿಒಐ ನೋಡಿದಾಗ ಹೆಚ್ಚಿನವು ರೈಸ್ ಸ್ಟ್ರೇನ್ ಎಂದು ಬಂದವು. ಅವೇ ಹುಳುಗಳ ಟಿಪಿಐ ನೋಡಿದರೆ ಕಾರ್ನ್ ಸ್ಟ್ರೇನ್. 2019ರಲ್ಲಿ ನಗೋಶಿ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾ ಮತ್ತು ಭಾರತದ ಹುಳುಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ತಾಳೆಯಿಲ್ಲದ ಜೋಡಿ.

ಕಾರಣ ತಿಳಿಯಲು ತುಳುನಾಡಿನ ಬಳಿಯನ್ನು ನೆನೆಸಿಕೊಳ್ಳಿ. ಅಳಿಯಸಂತಾನದ ಮನೆಯಲ್ಲಿ ಮಕ್ಕಳ ಬಳಿ ತಾಯಿಯದು. ಎಷ್ಟು ತಲೆಮಾರು ಯಾವ ಬಳಿಯ ಗಂಡಸು ಬಂದು ಮದುವೆಯಾದರೂ ಆ ಮನೆಯ ಹೆಣ್ಣುಮಕ್ಕಳ ಸಾಲಿನಲ್ಲಿ ಬಳಿ ಬದಲಾಗದು, ಮೂಗು ಮುಖ ಮಾತ್ರ ಬದಲಾಗುತ್ತಾ ಹೋಗುತ್ತವೆ. ಮೈಟೊಕಾಂಡ್ರಿಯಾ ಬಳಿಯಿದ್ದಂತೆ: ತಾಯಿಯಿಂದ ಮಾತ್ರ. ಟಿಪಿಐ ಕೂತಿರುವ ಜೆಡ್ ಹಾಗಲ್ಲ. ಹೆಣ್ಣು ಪತಂಗಕ್ಕೆ ಇರುವ ಒಂದೇ ಜೆಡ್ ಅಪ್ಪನದು. ಎಂದೋ ಒಂದು ರೈಸ್ ಸ್ಟ್ರೇನ್ ಹೆಣ್ಣು ಕಾರ್ನ್ ಸ್ಟ್ರೇನ್ ಗಂಡಿನ ಜೊತೆ ಕೂಡಿ, ಅದರ ಹೆಣ್ಣುಮಕ್ಕಳು ಮೊಮ್ಮಕ್ಕಳು ಮತ್ತೆ ಮತ್ತೆ ಕಾರ್ನ್ ಗಂಡುಗಳನ್ನೇ ಕೂಡಿದರೆ, ಕೊನೆಗೆ ಉಳಿಯುವುದು ರೈಸ್ ಬಳಿ ಹೊತ್ತ ಕಾರ್ನ್ ಹುಳು. ನಮ್ಮ ಹೊಲಗಳಲ್ಲಿರುವುದು ಇಂಥ ಬೆರಕೆ ವಂಶ.

ಹಾಗಾಗಿ ಮೆಕ್ಕೆಜೋಳದ ಹುಳುವಿಗೆ ಸಿಒಐ ರೈಸ್ ಎಂದು ಬಂದರೆ ನಮ್ಮ ದೇಶದಲ್ಲಿ ಅದು ನಿರೀಕ್ಷಿತ ಫಲಿತಾಂಶ, ದೋಷವಲ್ಲ. ಆ ಒಂದು ಹಾಳೆ ಹಿಡಿದು ಭತ್ತದ ರೈತರಿಗೆ ಎಚ್ಚರಿಕೆ ಕೊಡಲು ಹೊರಡಬೇಡಿ. ಯಾವ ಸ್ಟ್ರೇನ್ ಎಂದು ಹೇಳಲೇಬೇಕಾದರೆ ಟಿಪಿಐಯ ನಾಲ್ಕನೇ ಎಕ್ಸಾನ್‌ನಲ್ಲಿ (ಪ್ರೋಟೀನ್ ಸಂಕೇತವಿರುವ ಭಾಗ) 183ನೇ ಜಾಗ ನೋಡಿ: ಸಿ ಇದ್ದರೆ ಕಾರ್ನ್, ಟಿ ಇದ್ದರೆ ರೈಸ್. ಎರಡೂ ಶಿಖರ ಒಟ್ಟಿಗಿದ್ದರೆ ಅದು ಎರಡು ಬಗೆಯ ಜೆಡ್ ಹೊತ್ತ ಗಂಡು.

ಆದರೆ ನಿಜವಾದ ದೋಷವೊಂದು ಇದರ ಬೆನ್ನಿಗೇ ಅಡಗಿ ಕೂರುತ್ತದೆ. ಸೀಕ್ವೆನ್ಸಿಂಗ್ ದುಬಾರಿ ಎಂದು ಕೆಲವರು ಸಿಒಐಯ 569 ಅಕ್ಷರದ ತುಣುಕನ್ನು ಎಂಎಸ್‌ಪಿ–1 ಎಂಜೈಮಿನಿಂದ ಕತ್ತರಿಸಿ ಸ್ಟ್ರೇನ್ ಹೇಳುತ್ತಾರೆ. ಕಾರ್ನ್ ಸ್ಟ್ರೇನ್ ಆದರೆ 497 ಮತ್ತು 72 ಎಂದು ಎರಡಾಗುತ್ತದೆ, ರೈಸ್ ಆದರೆ ಹಾಗೇ ಉಳಿಯುತ್ತದೆ. ಈಗ ಎಂಜೈಮ್ ಹಳತಾಗಿ ಸತ್ತಿದ್ದರೆ? ಎಲ್ಲವೂ ಕತ್ತರಿಸದೇ ಉಳಿದು, ಎಲ್ಲವೂ ರೈಸ್! ಕೆಟ್ಟ ಎಂಜೈಮೂ ನಿರೀಕ್ಷಿತ ಫಲಿತಾಂಶವೂ ಒಂದೇ ವೇಷದಲ್ಲಿ ಬರುವ ಜಾಗ ಇದು. ಆ ಎಂಜೈಮ್ ಕತ್ತರಿಸಲೇಬೇಕಾದ ಯಾವುದಾದರೂ ಡಿಎನ್‌ಎಯನ್ನು ಪ್ರತಿ ಸಲ ಜೊತೆಗೆ ಓಡಿಸಿ. ಅದು ತುಂಡಾಗಿದ್ದರೆ ಮಾತ್ರ ನಿಮ್ಮ ‘ರೈಸ್’ ನಂಬಿ.

ಫ್ಲೋರಿಡಾವೋ ಟೆಕ್ಸಸ್ಸೋ ಗೊತ್ತಾಗುತ್ತಿಲ್ಲ

ಇದು ಜೀನಿನ ತಪ್ಪು ಅರ್ಧವನ್ನು ಓದಿಸಿ, ಹುಳು ಅಮೆರಿಕದ ಯಾವ ಕಡೆಯದೆಂದು ಹುಡುಕುವವರ ತೊಂದರೆ. ಅಮೆರಿಕದ ಕಾರ್ನ್ ಸ್ಟ್ರೇನ್‌ನಲ್ಲಿ ಸಿಒಐ ಜೀನಿನ 1164 ಮತ್ತು 1287ನೇ ಜಾಗದ ಅಕ್ಷರ ನೋಡಿ ಎಚ್1ರಿಂದ ಎಚ್4ರವರೆಗೆ ನಾಲ್ಕು ಹ್ಯಾಪ್ಲೊಟೈಪ್ (ಒಟ್ಟಿಗೆ ಸಾಗಿಬರುವ ಅಕ್ಷರಗಳ ಬಗೆ) ಹೇಳುತ್ತಾರೆ. ಎರಡೂ ಕಡೆ ಜಿ ಇದ್ದರೆ ಎಚ್4. ಫ್ಲೋರಿಡಾ ಮತ್ತು ಕೆರಿಬಿಯನ್ ಕಡೆ ಎಚ್4 ಹೆಚ್ಚು, ಟೆಕ್ಸಸ್ ಕಡೆ ಎಚ್2 ಹೆಚ್ಚು. ಆಫ್ರಿಕಾದಲ್ಲಿ ಸಿಕ್ಕ ಕಾರ್ನ್ ಸಿಒಐ ಎಚ್4 ಆಗಿದ್ದರಿಂದಲೇ ಮೂಲ ಫ್ಲೋರಿಡಾ–ಕೆರಿಬಿಯನ್ ಕಡೆಯದ್ದಿರಬೇಕು ಎಂಬ ಮಾತು ಹುಟ್ಟಿದ್ದು. ಆದರೆ ಬಾರ್‌ಕೋಡ್ ಇರುವುದು ಜೀನಿನ ಮೊದಲರ್ಧದಲ್ಲಿ. ಈ ಎರಡು ಜಾಗ ಇರುವುದು ಅದನ್ನು ದಾಟಿದ ಮೇಲೆ. 658 ಅಕ್ಷರ ಎಷ್ಟು ತಿರುವಿದರೂ ಅಲ್ಲಿ ಸಿಗುವುದಿಲ್ಲ. ಪ್ರೈಮರ್ ಬದಲಿಸಿ ಎರಡನೇ ಅರ್ಧ ಓದಿಸಿ.

ಇಪ್ಪತ್ತು ಹುಳು, ಒಂದೇ ಹ್ಯಾಪ್ಲೊಟೈಪ್

ಎಲ್ಲಿ ಹಿಡಿದಿರಿ? ಒಂದು ತತ್ತಿ ಗುಂಪಿನಲ್ಲಿ ನೂರಿನ್ನೂರು ಮೊಟ್ಟೆ. ಮರಿಗಳು ನೂಲು ಬಿಟ್ಟು ಗಾಳಿಗೆ ತೇಲಿ ಅಕ್ಕಪಕ್ಕದ ಗಿಡ ಸೇರುತ್ತವೆ. ಬದುವಿನ ಮೇಲೆ ನಿಂತು ಕೈಗೆಟುಕಿದ ಇಪ್ಪತ್ತು ಗಿಡದಿಂದ ಹೆಕ್ಕಿದ್ದರೆ ನೀವು ಹಿಡಿದದ್ದು ಇಪ್ಪತ್ತಲ್ಲ, ಒಬ್ಬಳೇ ತಾಯಿ. ಹೊಲದಿಂದ ಒಂದೆರಡು, ಊರಿಂದ ಊರಿಗೆ, ಹೀಗೆ ಹೆಕ್ಕಬೇಕು. ಹಾಗೆ ಹೆಕ್ಕಿದ ಮೇಲೂ ವೈವಿಧ್ಯ ಕಮ್ಮಿಯೇ ಬಂದರೆ ಸರಿ. ಹೊಸದಾಗಿ ಬಂದ ಕೀಟದಲ್ಲಿ ಅದು ಸಹಜ.

ನಕ್ಷೆಯ ಮೇಲಿನ ಬಾಣ ಸುಳ್ಳಾದಾಗ

ಲ್ಯಾಬಿನ ತಪ್ಪನ್ನು ಹಣ ಕೊಟ್ಟು ತಿದ್ದಬಹುದು. ಈ ತಪ್ಪು ಥೀಸಿಸ್‌ನಲ್ಲಿ ಅಚ್ಚಾಗಿ ಕೂರುತ್ತದೆ. 2016 ಆಫ್ರಿಕಾ, 2018 ಶಿವಮೊಗ್ಗ, 2019 ಯುನ್ನಾನ್, 2020 ಆಸ್ಟ್ರೇಲಿಯಾ: ಇಸವಿಗಳನ್ನು ಜೋಡಿಸಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಬಾಣ ಎಳೆಯುವುದು ಎಷ್ಟು ಸುಲಭ! ಎರಡು ಕಡೆಯ ಹ್ಯಾಪ್ಲೊಟೈಪ್ ಒಂದೇ ಎಂದರೆ ಇಬ್ಬರ ಮೂಲ ಒಂದಿರಬಹುದು ಎಂದಷ್ಟೇ ಅರ್ಥ. ಇವರಿಂದ ಅವರಿಗೆ ಹೋಯಿತೋ, ಅವರಿಂದ ಇವರಿಗೋ, ಇಬ್ಬರಿಗೂ ಮೂರನೆಯವರಿಂದಲೋ ಎಂದು ಸಿಒಐ ಹೇಳದು. ಇಡೀ ಜೀನೋಮ್ ಓದಿ 2022ರಲ್ಲಿ ಟೇ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಆ ಒಂಟಿ ಬಾಣವನ್ನು ಒಪ್ಪಲಿಲ್ಲ. ಏಷ್ಯಾಕ್ಕೆ ಹಲವು ಸಲ, ಹಲವು ದಾರಿಯಲ್ಲಿ ಬಂದಿರುವ ಗುರುತು ಕಂಡಿತು.

ಮೊದಲು ಕಂಡ ದಿನವನ್ನೇ ಬಂದ ದಿನ ಎಂದುಕೊಳ್ಳುವುದು ಇದರ ಅಣ್ಣ. ಮೆಣಸಿನಕಾಯಿ ಬೆಳೆಗಾರರಿಗೆ ಬೇರೆ ಉದಾಹರಣೆ ಬೇಡ. ಥ್ರಿಪ್ಸ್ ಪಾರ್ವಿಸ್ಪೈನಸ್ ಬೆಂಗಳೂರಿನಲ್ಲಿ ಪಪ್ಪಾಯಿ ಮೇಲೆ ದಾಖಲಾದದ್ದು 2015ರಲ್ಲಿ. ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಅದು ಬರಿದು ಮಾಡಿದ್ದು 2021ರ ಹಂಗಾಮಿನಲ್ಲಿ. ನಡುವಿನ ಆರು ವರ್ಷ ಅದು ಎಲ್ಲೂ ಹೋಗಿರಲಿಲ್ಲ.

ಮೂಲ ದೇಶದಿಂದಲೇ ನೇರವಾಗಿ ಬಂತು ಎಂದು ಊಹಿಸುವುದೂ ಮೋಸ ಮಾಡುತ್ತದೆ. ಏಷ್ಯಾ ಮೂಲದ ಹಾರ್ಲೆಕ್ವಿನ್ ಗುಲಗಂಜಿ ಹುಳು ಯುರೋಪ್, ದಕ್ಷಿಣ ಅಮೆರಿಕ, ಆಫ್ರಿಕಾಗಳಿಗೆ ಏಷ್ಯಾದಿಂದ ಹೋಯಿತೆಂದೇ ಅಂದುಕೊಳ್ಳಬಹುದಿತ್ತು. 2010ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದ್ದು ಬೇರೆ: ಅದು ಮೊದಲು ಪೂರ್ವ ಉತ್ತರ ಅಮೆರಿಕದಲ್ಲಿ ನೆಲೆಯೂರಿ, ಅಲ್ಲಿಂದ ಉಳಿದೆಡೆಗೆ ಹೊರಟಿತ್ತು. ನಿಮ್ಮ ಹೋಲಿಕೆಯಲ್ಲಿ ಆ ನಡುವಿನ ತಂಗುದಾಣದ ಮಾದರಿಯೇ ಇಲ್ಲದಿದ್ದರೆ, ಸಾಫ್ಟ್‌ವೇರ್ ಇರುವವರಲ್ಲೇ ಹತ್ತಿರದವರನ್ನು ಮೂಲ ಎಂದು ತೋರಿಸುತ್ತದೆ. ಯಾರ ಮಾದರಿ ಇಲ್ಲ ಎಂಬುದನ್ನು ಬರೆದಿಡದ ನಕ್ಷೆಯನ್ನು ನಾನು ನಂಬುವುದಿಲ್ಲ.

ಫೋನ್ ಮಾಡಿದ ಹುಡುಗ ಸಿಒಐ ಮತ್ತೆ ಮಾಡಿಸಲಿಲ್ಲ. ಅದೇ ದುಡ್ಡಿನಲ್ಲಿ ನಾಲ್ಕು ಹುಳುವಿಗೆ ಟಿಪಿಐ ಓದಿಸಿದ. 183ನೇ ಜಾಗದಲ್ಲಿ ನಾಲ್ಕಕ್ಕೆ ನಾಲ್ಕೂ ಸಿ. ಈಗ ಅವನ ಕೋಷ್ಟಕದಲ್ಲಿ ‘ಸ್ಟ್ರೇನ್’ ಎಂಬ ಒಂದು ಕಾಲಂ ಇದ್ದಲ್ಲಿ ಎರಡಿವೆ: ತಾಯಿ ಕಡೆ, ಜೆಡ್ ಕಡೆ. ಗೈಡ್ ಎರಡನೆಯದನ್ನು ಯಾಕೆ ಸೇರಿಸಿದೆ ಎಂದು ಕೇಳಿದರಂತೆ.